ಗೇಟಿನ ಮಾತಿಗೆ ಹೋಗುವ ಡೀಸೆಲ್

ಆ ಭಾನುವಾರ ಅಕ್ಕನ ಮನೆಯ ಜಗಲಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಅಕ್ಕ ಕೆಳಗೆ ಮಣೆ ಹಾಕಿಕೊಂಡು, ಕೈಗೆ ಎಣ್ಣೆ ಸವರಿಕೊಂಡು ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದಳು. ಭಾವ ಬೆತ್ತದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಓದುತ್ತಿರಲಿಲ್ಲ, ಪೇಪರಿನ ಅಂಚಿನಿಂದ ಅಂಗಳದಲ್ಲಿ ನಿಂತ ಹೊಸ ಗಾಡಿಯನ್ನು ನೋಡುತ್ತಿದ್ದರು. ಅವರ ಮಗಳು ಕುಶಾಲನಗರದ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು. ಮೆಟ್ಟಿಲ ಮೇಲೆ ಕೂತು ಮೊಬೈಲು ತೀಡುತ್ತಿದ್ದಳು. ನಾನು ಅಕ್ಕನ ತಮ್ಮ. ಮನೆ ಸುಂಟಿಕೊಪ್ಪ ಪೇಟೆಯಲ್ಲಿ. ಅಂಗಡಿಯನ್ನು ಮಗನ ಕೈಗೆ ಬಿಟ್ಟ ಮೇಲೆ ಭಾನುವಾರದ ಊಟಕ್ಕೆ ಅಕ್ಕನ ಮನೆಗೆ ಹೋಗುವುದು ನನಗೆ ರೂಢಿಯಾಗಿಬಿಟ್ಟಿದೆ.

ಕಾಫಿಗೆ ಯಾರೂ ನೆನೆಸದ ರೇಟು ಬಂದಾಗ ನಮ್ಮ ಕಡೆ ಬಹಳ ಜನ ಗಾಡಿ ಬದಲಿಸಿದರು. ಭಾವ ಮಾತ್ರ ಜೀಪು ಬಿಡುವವರಲ್ಲ ಅಂದುಕೊಂಡಿದ್ದೆವು. ಮದುವೆಯಾದ ಹೊಸತರಲ್ಲಿ ಅಕ್ಕನನ್ನು ಕೂರಿಸಿಕೊಂಡು ಬಂದದ್ದೂ ಜೀಪಿನಲ್ಲಿ, ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಜೀಪಿನಲ್ಲಿ. ಅಂಥವರು ಒಂದು ದಿನ ಮೈಸೂರಿಗೆ ಹೋಗಿ, ಮೈಮೇಲೆ ಒಂದು ಗೆರೆಯಿಲ್ಲದ, ಬಾಗಿಲು ಮುಚ್ಚಿದರೆ ಸದ್ದೇ ಬಾರದ, ಸೀಟು ತಾನಾಗಿ ಹಿಂದೆ ಸರಿದು ಕೂರುವವರಿಗೆ ದಾರಿ ಬಿಡುವ ಒಂದು ದೊಡ್ಡ ಡೀಸೆಲ್ ಗಾಡಿ ತಂದು ನಿಲ್ಲಿಸಿದರು. ಅಕ್ಕ ಆರತಿ ಎತ್ತುವಾಗ, "ಇದಕ್ಕೆ ಮುಖ ಯಾವ ಕಡೆ ರೀ?" ಅಂತ ಕೇಳಿದ್ದಳು. ಅಷ್ಟು ದುಂಡಗಿತ್ತು.

"ಅಪ್ಪ," ಅಂದಳು ಮಗಳು ಮೊಬೈಲಿನಿಂದ ತಲೆ ಎತ್ತದೆ, "ಎಂಟು ಪಾಯಿಂಟ್ ಒಂದು."

"ಎಂತದು ಎಂಟು?"

"ನಿನ್ನ ಗಾಡಿ ಈ ತಿಂಗಳು ಲೀಟರಿಗೆ ಕೊಟ್ಟಿದ್ದು. ಕಂಪನಿಯವರು ಹದಿನಾಲ್ಕು ಅಂದಿದ್ರು."

"ಅವರು ಗಾಡಿ ಮಾರೋರು. ಹಂಗೇ ಹೇಳ್ತಾರೆ."

"ಸರಿ, ಹದಿನಾಲ್ಕು ಬೇಡ. ಹನ್ನೊಂದು ಬರ್ಬೇಕಲ್ವಾ? ಹನ್ನೆರಡು? ನಿನ್ನ ಡ್ರೈವಿಂಗಿಗೆ ಇದು ಮಾರ್ಕು ಬೇರೆ ಕೊಡುತ್ತೆ. ನೋಡು, ಕೆಂಪು."

ಆ ಗಾಡಿಯ ಲೆಕ್ಕವೆಲ್ಲ ಮೊಬೈಲಿಗೆ ಬರುತ್ತದೆ ಎಂಬುದು ನನಗೆ ಗೊತ್ತಾದದ್ದು ಆವತ್ತೇ. ಭಾವನ ಫೋನು ಹಳೆಯದು, ಆದ್ದರಿಂದ ಶೋರೂಮಿನವರು ಮಗಳ ಫೋನಿಗೆ ಜೋಡಿಸಿ ಕೊಟ್ಟಿದ್ದರು. ಅಂದರೆ ಅಪ್ಪ ಎಲ್ಲಿ ಗಕ್ಕನೆ ಬ್ರೇಕು ಹಾಕಿದ, ಎಷ್ಟು ದೂರ ಹೋದ, ಎಷ್ಟು ಕುಡಿಸಿದ ಎಂಬುದೆಲ್ಲ ಮಗಳಿಗೆ ಬ್ಯಾಂಕಿನಲ್ಲಿ ಕೂತಲ್ಲೇ ಕಾಣುತ್ತಿತ್ತು.

ಅವಳಿಗೆ ಡೀಸೆಲಿನ ಚಿಂತೆ ಇರಲಿಲ್ಲ. ಹೋದ ಮಳೆಗಾಲ ಪಕ್ಕದ ತೋಟದ ಯಜಮಾನರು, ಭಾವನದೇ ವಯಸ್ಸಿನವರು, ಕಾರನ್ನು ಚರಂಡಿಗೆ ಇಳಿಸಿ ಸೊಂಟ ಮುರಿದುಕೊಂಡಿದ್ದರು. ಆವತ್ತಿನಿಂದ ಇವಳಿಗೆ ಅಪ್ಪನ ಮೇಲೆ ಒಂದು ಕಣ್ಣು. ಹೊಸ ಗಾಡಿ ಬಂದ ವಾರದಲ್ಲೇ ಗೇಟಿನ ಕಂಬಕ್ಕೆ ಎಡಗಡೆ ಸವರಿದ್ದು ಸೇರಿ ಅನುಮಾನ ಗಟ್ಟಿಯಾಗಿತ್ತು.

"ಚೆನ್ನಾಗಿ ಓಡಿಸೋರ ಕೈಲಿ ಗಾಡಿ ಇಷ್ಟು ಕುಡಿಯಲ್ಲ ಅಪ್ಪ. ನಿನ್ನ ಕಾಲು ಮೊದಲಿನ ಹಾಗೆ ಇಲ್ಲ ಅಂತ ಅರ್ಥ. ಒಬ್ಬ ಡ್ರೈವರನ್ನ ಇಡೋಣ. ನೀನು ಹಿಂದೆ ಆರಾಮಾಗಿ ಕೂತ್ಕೊ."

ಭಾವ ಪೇಪರು ಮಡಚಿ ಕೆಳಗಿಟ್ಟರು. "ನಾನು ಹಿಂದಿನ ಸೀಟಲ್ಲಿ ಕೂತಿರೋದನ್ನ ನಿಮ್ಮಮ್ಮ ಯಾವತ್ತಾದ್ರೂ ನೋಡಿದ್ದಾಳಾ ಕೇಳು."

"ನಮ್ಮ ಮದುವೆ ದಿಬ್ಬಣದಲ್ಲೂ ಇವರೇ ಓಡಿಸ್ಕೊಂಡು ಬಂದದ್ದು," ಅಂದಳು ಅಕ್ಕ, ಕತ್ತಿಯಿಂದ ಅಂಟು ತೆಗೆಯುತ್ತ. "ಬಾಸಿಂಗ ಕಟ್ಕೊಂಡು."

ನಕ್ಕೆವು, ಭಾವ ನಗಲಿಲ್ಲ. ಅವರ ಮುಖ ನೋಡಿ ನನಗೆ ಇದು ತಮಾಷೆಯಲ್ಲ ಅನ್ನಿಸಿತು. ತೋಟ ಸುತ್ತುವುದು, ಪೇಟೆಗೆ ಹೋಗುವುದು, ಯಾರಿಗೋ ಹುಷಾರಿಲ್ಲ ಅಂದರೆ ಎತ್ತಿ ಹಾಕಿಕೊಂಡು ಮಡಿಕೇರಿಗೆ ಓಡುವುದು, ಅವರ ದಿನವೆಲ್ಲ ಆ ಸ್ಟೇರಿಂಗಿನ ಹಿಂದೆಯೇ ಇತ್ತು. ಅದನ್ನು ಕಸಿದರೆ ಉಳಿಯುವುದು ಈ ಬೆತ್ತದ ಕುರ್ಚಿ.

ಕೊನೆಗೆ ಒಂದು ಒಪ್ಪಂದ ಆಯಿತು. ಬರುವ ಭಾನುವಾರ ನಾಲ್ಕೂ ಜನ ಮಡಿಕೇರಿಗೆ ಹೋಗಿ ಬರುವುದು. ಮನೆಗೆ ಬಂದು ನಿಲ್ಲಿಸಿದಾಗ ಹನ್ನೊಂದು ತೋರಿಸಿದರೆ ಮಗಳು ಡ್ರೈವರಿನ ಮಾತು ಎತ್ತಬಾರದು. ತೋರಿಸದಿದ್ದರೆ ಭಾವ ಕೀಲಿ ಕೊಡಬೇಕು.

"ಮಾವ, ಈ ವಾರ ನೀವು ಪಕ್ಕದಲ್ಲಿ ಕೂತು ನೋಡಿ. ಎಲ್ಲಿ ಹೋಗುತ್ತೆ ಅಂತ ನಂಗೆ ಹೇಳಿ," ಅಂದಳು ನನಗೆ.

"ನಿನ್ನ ಮಾವ ನನ್ನ ಕಡೆ ಕಣೇ," ಅಂದರು ಭಾವ. "ನಮ್ಮನೆ ಸಾರು ಎಷ್ಟು ವರ್ಷದಿಂದ ಉಂಡಿದ್ದಾನೆ."

ನಾನು ಯಾರ ಕಡೆಯೂ ಅಲ್ಲ ಅಂತ ಹೇಳಿದೆ. ನಿಜಕ್ಕೂ ನನಗೆ ಬಂದದ್ದು ಕುತೂಹಲ. ಹದಿನಾಲ್ಕಕ್ಕೂ ಎಂಟಕ್ಕೂ ನಡುವೆ ಇರುವ ಆರು ಕಿಲೋಮೀಟರು ಎಲ್ಲಿ ಹೋಗುತ್ತವೆ? ಟ್ಯಾಂಕಿನಿಂದ ಸೋರುತ್ತಿಲ್ಲ. ಯಾರೂ ಕದಿಯುತ್ತಿಲ್ಲ. ಹಾಗಾದರೆ ಈ ದಾರಿಯಲ್ಲೇ ಎಲ್ಲೋ ಇರಬೇಕಲ್ಲ.

ಸೋಮವಾರ ಬೆಳಿಗ್ಗೆಯೇ ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಎದುರಿನ ಗಾಜಿನ ಹಲಗೆಯಲ್ಲಿ ಏನೆಲ್ಲ ಕಾಣುತ್ತದೆ! ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ನೀಲಿ ಪಟ್ಟಿ. ಆ ಕ್ಷಣಕ್ಕೆ ಗಾಡಿ ಎಷ್ಟು ಕುಡಿಯುತ್ತಿದೆ ಅಂತ ತೋರಿಸುತ್ತದೆ. ಏರಿಗೆ ಒತ್ತಿದರೆ ಉದ್ದವಾಗುತ್ತದೆ, ಸಮ ರಸ್ತೆಯಲ್ಲಿ ಕುಗ್ಗುತ್ತದೆ. ಜ್ವರದ ಕಡ್ಡಿಯನ್ನು ನೋಡುವ ಹಾಗೆ ಅದನ್ನೇ ನೋಡುತ್ತ ಕೂತೆ. ಭಾವನ ಕಾಲನ್ನೂ ನೋಡಿದೆ. ಕಾಲು ಚೆನ್ನಾಗಿಯೇ ಇತ್ತು. ತಿರುವಿಗೆ ಮೊದಲೇ ನಿಧಾನ ಮಾಡುತ್ತಿದ್ದರು, ಗುಂಡಿಗೆ ಇಳಿಸುವಾಗ ಹಸುವಿನ ಮೈ ಸವರಿದಷ್ಟು ಮೆತ್ತಗೆ ಬ್ರೇಕು ಒತ್ತುತ್ತಿದ್ದರು.

ಮೊದಲ ದಿನ ಸಿಕ್ಕಿದ್ದು ಇಳಿಜಾರಿನ ಕಥೆ. ಸುಂಟಿಕೊಪ್ಪ ದಾಟಿ ಕುಶಾಲನಗರದ ಕಡೆ ಕಾಡಿನೊಳಗೆ ರಸ್ತೆ ಇಳಿಯುತ್ತದಲ್ಲ, ಅಲ್ಲಿಗೆ ಬಂದ ಕೂಡಲೇ ಭಾವನ ಎಡಗೈ ತನ್ನಷ್ಟಕ್ಕೆ ಹೋಗಿ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿತು. ಗಾಡಿ ಸುಮ್ಮನೆ ಜಾರತೊಡಗಿತು.

"ಇದೇನು ಭಾವ?"

"ಎಂಥ ಏನು? ಇಳಿಜಾರು. ಇಲ್ಲಿ ಯಾಕೆ ಎಣ್ಣೆ ಸುಡ್ಬೇಕು? ಜೀಪಲ್ಲಿ ಆದ್ರೆ ಎಂಜಿನ್ನೇ ಆಫ್ ಮಾಡ್ತಿದ್ದೆ. ಮಡಿಕೇರಿಯಿಂದ ಹೊರಟ್ರೆ ಸದ್ದೇ ಇಲ್ದೆ ಎಷ್ಟೋ ದೂರ ಬರ್ತಿದ್ವಿ. ನಿಂಗೆ ನೆನಪಿಲ್ವಾ?"

ನೆನಪಿತ್ತು. ಜೀಪು, ಲಾರಿ, ಬಸ್ಸು, ಎಲ್ಲರೂ ಹಾಗೇ ಇಳಿಸುತ್ತಿದ್ದ ಕಾಲ ಅದು. ಆದರೆ ನೀಲಿ ಪಟ್ಟಿಯನ್ನು ನೋಡಿದೆ. ಪೂರ್ತಿ ಹೋಗಿರಲಿಲ್ಲ, ಬುಡದಲ್ಲಿ ಒಂದು ಚೂರು ಉಳಿದಿತ್ತು. "ಭಾವ, ಒಂದು ಸಲ ಗೇರಿಗೆ ಹಾಕಿ, ಕಾಲು ತೆಗೀರಿ," ಅಂದೆ. ಹಾಕಿದರು. ಪಟ್ಟಿ ಪೂರ್ತಿ ಅಳಿಸಿಹೋಯಿತು. ಮತ್ತೆ ನ್ಯೂಟ್ರಲ್, ಮತ್ತೆ ಚೂರು ಬಂತು. ಮತ್ತೆ ಗೇರು, ಸೊನ್ನೆ.

ಭಾವ ರಸ್ತೆ ಪಕ್ಕಕ್ಕೆ ನಿಲ್ಲಿಸಿಯೇಬಿಟ್ಟರು. "ಗೇರಲ್ಲಿದ್ರೆ ಕುಡಿಯಲ್ಲ, ಬಿಟ್ರೆ ಕುಡಿಯುತ್ತಾ? ಇದು ಯಾವ ಸೀಮೆ ನ್ಯಾಯ ಮಾರಾಯ?"

ನನಗೂ ಗೊತ್ತಿರಲಿಲ್ಲ. ಸಂಜೆ ಅಂಗಡಿಯಲ್ಲಿ ಮಗನನ್ನು ಕೇಳಿದೆ. ಅವನು ಫೋನಿನಲ್ಲಿ ಹುಡುಕಿ ಹೇಳಿದ: ಹೊಸ ಗಾಡಿಗಳಲ್ಲಿ ಗೇರಿನಲ್ಲಿ ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಆಗ ಡೀಸೆಲ್ ಬಿಡುವುದನ್ನು ಅದು ತಾನೇ ನಿಲ್ಲಿಸುತ್ತದೆ, ನ್ಯೂಟ್ರಲ್ಲಿಗೆ ಹಾಕಿದರೆ ಪಾಪ ಎಂಜಿನ್ನು ತನ್ನ ಜೀವ ತಾನೇ ಹಿಡಿದುಕೊಳ್ಳಬೇಕು, ಅದಕ್ಕೆ ಕುಡಿಯುತ್ತದೆ. "ಅದಿರಲಿ ಅಪ್ಪ, ಅಷ್ಟು ಭಾರದ ಗಾಡಿಯನ್ನ ನ್ಯೂಟ್ರಲ್ಲಲ್ಲಿ ಇಳಿಸಿದ್ರೆ ಬರೀ ಬ್ರೇಕಿನ ಮೇಲೇ ಬೀಳುತ್ತೆ. ಮಾವನಿಗೆ ಬೇಡ ಅನ್ನು," ಅಂದ. ಇದನ್ನು ಮರುದಿನ ಭಾವನಿಗೆ ಹೇಳಿದೆ. "ಇಷ್ಟು ವರ್ಷ ಉಳಿಸ್ತಿದ್ದೀನಿ ಅಂದ್ಕೊಂಡಿದ್ದೆನಲ್ಲೋ," ಅಂದರು. ಆಮೇಲೆ ಅವರ ಎಡಗೈ ಇಳಿಜಾರು ಕಂಡಾಗಲೆಲ್ಲ ಗೇರಿನ ಕಡೆ ಹೊರಡುತ್ತಿತ್ತು, ಅರ್ಧಕ್ಕೆ ನಿಂತು ವಾಪಸು ಬಂದು ತೊಡೆಯ ಮೇಲೆ ಕೂರುತ್ತಿತ್ತು.

ಕಾಣೆಯಾದ ಆರು ಕಿಲೋಮೀಟರಿನಲ್ಲಿ ಇದರಿಂದ ಸಿಕ್ಕಿದ್ದು ಒಂದು ತುಣುಕು ಅಷ್ಟೆ. ಉಳಿದದ್ದು ಎಲ್ಲಿ? ಅದನ್ನು ನಾನು ಮೂರು ದಿನ ಕಣ್ಣೆದುರೇ ಇಟ್ಟುಕೊಂಡು ಕಾಣದೆ ಕೂತಿದ್ದೆ. ಯಾಕೆಂದರೆ ಅದು ನಮ್ಮೆಲ್ಲರಿಗೂ ಅಷ್ಟು ರೂಢಿ.

ಭಾವನ ಮನೆಯಿಂದ ಸುಂಟಿಕೊಪ್ಪ ಪೇಟೆಗೆ ಬರುವ ಒಳರಸ್ತೆಯಲ್ಲಿ ಉದ್ದಕ್ಕೂ ತೋಟದ ಗೇಟುಗಳು. ಒಂದೊಂದು ಗೇಟಿನಲ್ಲೂ ಯಾರಾದರೂ ಇದ್ದೇ ಇರುತ್ತಾರೆ. ಗಾಡಿ ಬರುವುದು ಕಂಡರೆ ಕೈ ಎತ್ತುತ್ತಾರೆ. ಭಾವ ನಿಲ್ಲಿಸುತ್ತಾರೆ, ಗಾಜು ಇಳಿಸುತ್ತಾರೆ, ಎಂಜಿನ್ ಓಡುತ್ತಲೇ ಇರುತ್ತದೆ. ಆಗ ಅದು ಹೂಮಳೆಯ ಸಮಯ. ಕಾಫಿ ಹೂವಿಗೆ ಬೇಕಾದ ಮಳೆ ಒಂದು ಗುಡ್ಡಕ್ಕೆ ಬಿದ್ದು ಪಕ್ಕದ ಗುಡ್ಡಕ್ಕೆ ಕೈ ಕೊಡುವ ದಿನಗಳು.

"ನಿಮ್ಮಲ್ಲಿ ಎಷ್ಟು ಬಿತ್ತು?"

"ಮುಕ್ಕಾಲು ಇಂಚು. ನಿಮಗೆ?"

"ಎಲ್ಲಿ? ಗುಡುಗಿದ್ದು ಮಾತ್ರ ನಮಗೆ. ನೀರು ಪೂರ್ತಿ ನಿಮ್ಮ ತೋಟಕ್ಕೇ. ಎಂತ ಪುಣ್ಯ ಮಾಡಿದ್ರಿ?"

"ಪುಣ್ಯ ಅಲ್ಲ, ನಿನ್ನೆ ಹೆಂಡ್ತಿ ಕೈಲಿ ಬೈಸ್ಕೊಂಡೆ. ಅದಕ್ಕೇ ಬಂದದ್ದು."

ಹೀಗೆ ಹೊರಟ ಮಾತು ಪಂಪ್‌ಸೆಟ್ಟಿಗೆ, ಕೆಲಸದವರಿಗೆ, ಅವರ ಲೈನ್ ಮನೆಯ ಕೂಸಿನ ನಾಮಕರಣಕ್ಕೆ, ಆನೆ ನಿನ್ನೆ ಯಾರ ಬಾಳೆ ಮುರಿಯಿತು ಎಂಬಲ್ಲಿಗೆ ಹೋಗುತ್ತದೆ. "ಸರಿ, ಬರ್ತೀನಿ" ಅಂತ ಭಾವ ಹೇಳುತ್ತಾರೆ. ಹೇಳಿದ ಮೇಲೆ ಅಷ್ಟೇ ಹೊತ್ತು ಮತ್ತೆ ಮಾತು. ಗಾಜಿನ ಹಲಗೆಯ ಮೇಲೆ ಆ ಹೊತ್ತೆಲ್ಲ ಗಾಡಿ ಸೊನ್ನೆ ದೂರ ಹೋಗಿ ಡೀಸೆಲ್ ಕುಡಿಯುತ್ತಿರುತ್ತದೆ. ಲೀಟರಿಗೆ ಎಷ್ಟು ಅಂದರೆ, ಲೀಟರಿಗೆ ಏನೂ ಇಲ್ಲ.

ನಮ್ಮಜ್ಜಿ ಇದಕ್ಕೆ ಹೊಸಿಲು ಮಾತು ಅನ್ನುತ್ತಿದ್ದಳು. ಬಂದ ನೆಂಟರು ಒಳಗೆ ಕೂತಾಗ ಉಂಡದ್ದು, ಕುಡಿದದ್ದರ ಮಾತು. ಎದ್ದು, ಚಪ್ಪಲಿ ಮೆಟ್ಟಿ, ಹೊಸಿಲಲ್ಲಿ ನಿಂತ ಮೇಲೆ ನಿಜವಾದ ವಿಷಯ ಹೊರಗೆ ಬರುವುದು: ಮಗಳಿಗೆ ಗಂಡು ನೋಡಿದ್ದು, ಅಣ್ಣನ ಜೊತೆ ಮಾತು ಬಿಟ್ಟದ್ದು. ಅಜ್ಜಿ ಅದಕ್ಕೇ ಒಳಗೆ ಇದ್ದಾಗ ಏನೂ ಕೇಳುತ್ತಿರಲಿಲ್ಲ, ಹೊಸಿಲು ಬರಲಿ ಅಂತ ಕಾಯುತ್ತಿದ್ದಳು. ಹೊಸಿಲು ಈಗ ಗೇಟಿಗೆ ಬಂದು ನಿಂತಿದೆ, ಚಪ್ಪಲಿಯ ಜಾಗದಲ್ಲಿ ಎಂಜಿನ್ನು.

"ಭಾವ, ನಿಲ್ಲಿಸಿದಾಗ ಆಫ್ ಮಾಡಬಾರದಾ?" ಅಂದೆ.

ಅವರು ನನ್ನನ್ನು ನೋಡಿದ ನೋಟದಲ್ಲಿ, ಇಷ್ಟೂ ಗೊತ್ತಿಲ್ಲದವನಿಗೆ ಹೆಣ್ಣು ಯಾರು ಕೊಟ್ಟರು ಎಂಬ ಪ್ರಶ್ನೆ ಇತ್ತು. "ಆಫ್ ಮಾಡಿದ್ರೆ ಕಾಫಿ ಇಡ್ತಾರೆ."

"ಇಟ್ರೆ ಕುಡಿಯೋದು."

"ನೀನು ಪೇಟೆಯವನು. ಗೇಟಲ್ಲಿ ಎಂಜಿನ್ ನಿಂತ ಸದ್ದು ಅಡುಗೆಮನೆಗೆ ಕೇಳುತ್ತೆ. ನಿಂತಿತು ಅಂದ್ರೆ ಇಳಿದು ಒಳಗೆ ಬರ್ತಾರೆ ಅಂತ ಅರ್ಥ, ಒಲೆ ಮೇಲೆ ನೀರು ಏರಿತು. ಆಮೇಲೆ ಒಲ್ಲೆ ಅಂದ್ರೆ ಬೇಜಾರು. ಓಡ್ತಾ ಇದ್ರೆ ಅವರಿಗೂ ನೆಮ್ಮದಿ, ನಮಗೂ ನೆಮ್ಮದಿ. 'ಹೊರಟವರು, ತೊಂದರೆ ಇಲ್ಲ' ಅಂತ."

ಆಗ ನನಗೆ ಇನ್ನೊಂದು ಹೊಳೆಯಿತು. ಬೆಳಿಗ್ಗೆ ಗಾಡಿ ಶುರು ಮಾಡಿದ ಕೂಡಲೇ ಭಾವ ಒಂದು ಬಟನ್ ಒತ್ತುತ್ತಿದ್ದರು, ದುಂಡು ಬಾಣದ ಒಳಗೆ ಒಂದು ಅಕ್ಷರ ಇರುವಂಥದ್ದು. ಅದೇನೆಂದು ಕೇಳಿದೆ.

"ಅದಾ? ಇದು ಬಂದ ಹೊಸತರಲ್ಲಿ ಬ್ರೇಕ್ ಹಿಡಿದು ನಿಂತ್ರೆ ಎಂಜಿನ್ ತಾನೇ ನಿಂತುಹೋಗ್ತಿತ್ತು. ಕಾಲು ತೆಗೆದ್ರೆ ತಾನೇ ಶುರು. ಡೀಸೆಲ್ ಉಳಿಸೋದಕ್ಕಂತೆ. ಮೊದಲ ದಿನವೇ ಒಬ್ಬರ ಗೇಟಲ್ಲಿ ನಿಂತು, ಅವರು 'ಬನ್ನಿ ಬನ್ನಿ' ಅಂತ ಗೇಟು ತೆಗೆದೇಬಿಟ್ರು! ಇನ್ನೊಬ್ಬರು 'ಹೊಸ ಗಾಡಿ, ಇಷ್ಟು ಬೇಗ ಕೆಟ್ಟಿತಾ' ಅಂದ್ರು. ಮರ್ಯಾದೆ ಹೋಯ್ತು. ಈ ಬಟನ್ ಒತ್ತಿದ್ರೆ ನಿಲ್ಲಲ್ಲ ಅಂತ ಶೋರೂಮಿನವನು ಫೋನಲ್ಲಿ ಹೇಳಿಕೊಟ್ಟ."

ನಾನು ನಕ್ಕ ನಗುವಿಗೆ ಸೀಟಿನ ಪಟ್ಟಿ ಕತ್ತಿಗೆ ಸಿಕ್ಕಿಕೊಂಡಿತು. ಯಾವುದೋ ದೇಶದಲ್ಲಿ ಯಾರೋ ತಲೆ ಕೆಡಿಸಿಕೊಂಡು ಮಾಡಿದ ಉಪಾಯವನ್ನು ನಮ್ಮೂರಿನ ಕಾಫಿ ಲೋಟ ಸೋಲಿಸಿತ್ತು.

ಭಾವನಿಗೆ ಹನ್ನೊಂದು ಬೇಕಿತ್ತು. ಶುಕ್ರವಾರ ಒಂದು ದಿನ ಬಟನ್ ಒತ್ತದೆ ಪ್ರಯೋಗ ಮಾಡಿದೆವು. ಗಾಡಿ ನಿಂತಲ್ಲೆಲ್ಲ ಸುಮ್ಮನಾಯಿತು. ಸುಮ್ಮನಾದಲ್ಲೆಲ್ಲ ಗೇಟು ತೆರೆಯಿತು. ಮೊದಲ ಮನೆಯಲ್ಲಿ ಕಾಫಿ, ಎರಡನೆಯದರಲ್ಲಿ ಕಾಫಿ ಜೊತೆ ಹಲಸಿನ ಹಪ್ಪಳ, ಆಮೇಲೆ ಒಂದು ಕಡೆ ನಿನ್ನೆಯ ನಾಮಕರಣದ ಲಾಡು. ಪೇಟೆಯಲ್ಲಿ ಮೆಣಸು ಕೊಳ್ಳುವ ಮಲಯಾಳಿ ವ್ಯಾಪಾರಿಯ ಅಂಗಡಿಯ ಮುಂದೆ ನಿಂತರೆ, ಆತ ಹೊರಗೆ ಓಡಿ ಬಂದು, "ಎಂದಾ ಸಾರ್, ಇವತ್ತು ಬಂಡಿ ಆಫ್ ಮಾಡಿದ್ರಿ? ಇಳೀರಿ ಇಳೀರಿ, ಲೆಮನ್ ಟೀ ಹೇಳ್ತೇನೆ" ಅಂದ. ಮನೆಗೆ ಬಂದಾಗ ಅಕ್ಕ ಬಡಿಸಿದ ಊಟ ಇಬ್ಬರಿಗೂ ಇಳಿಯಲಿಲ್ಲ. ಗಾಜಿನ ಹಲಗೆಯಲ್ಲಿ ಮಾತ್ರ ಹತ್ತೂವರೆ ಹೊಳೆಯುತ್ತಿತ್ತು.

"ಹೊಟ್ಟೆ ಕೆಟ್ಟು ಸತ್ರೆ ಡ್ರೈವರನ್ನ ಇಡೋ ಪ್ರಶ್ನೆನೇ ಬರಲ್ಲ," ಅಂದಳು ಅಕ್ಕ, ಪಾತ್ರೆ ಮುಚ್ಚುತ್ತ.

ಹಾಗಾಗಿ ಭಾನುವಾರಕ್ಕೆ ಬೇರೆ ದಾರಿ ಇರಲಿಲ್ಲ. ನಿಲ್ಲಿಸಲೇಬಾರದು. ಭಾವ ಹಿಂದಿನ ದಿನವೇ ಒಂದಿಬ್ಬರಿಗೆ ಫೋನು ಮಾಡಿ, "ನಾಳೆ ಕೈ ಎತ್ತಬೇಡಿ, ಆಮೇಲೆ ಹೇಳ್ತೀನಿ" ಅಂದರಂತೆ. ಎಲ್ಲರಿಗೂ ಮಾಡಲು ಆಗುತ್ತದೆಯೇ?

ಭಾನುವಾರ ಊಟ ಮುಗಿಸಿ ಹೊರಟೆವು. ಮಗಳು ಮುಂದೆ ಕೂತು ಮೀಟರನ್ನು ಸೊನ್ನೆಗೆ ತಂದಳು. ನಾನು, ಅಕ್ಕ ಹಿಂದೆ. ಅಕ್ಕನಿಗೆ ಮಡಿಕೇರಿಯಲ್ಲಿ ಹೊಸ ಕನ್ನಡಕ ತರುವುದಿತ್ತು. ಊಟದ ಹೊತ್ತಾದ್ದರಿಂದ ಗೇಟುಗಳಲ್ಲಿ ಯಾರೂ ಇರಲಿಲ್ಲ. ಹೋಗುವಾಗ ಏರು, ಎಂಟೂವರೆ ಒಂಬತ್ತರಲ್ಲೇ ತಡವರಿಸಿತು. ಮಗಳು ಅಪ್ಪನ ಕೈ ಕಾಲುಗಳನ್ನೇ ನೋಡುತ್ತಿದ್ದಳು. ಬೋಯಿಕೇರಿಯ ಹತ್ತಿರ ಎದುರಿನಿಂದ ಪ್ರವಾಸಿಗರ ಕಾರೊಂದು ತಿರುವಿನಲ್ಲಿ ನಮ್ಮ ಕಡೆಗೇ ನುಗ್ಗಿ ಬಂತು. ಭಾವ ಆಗಲೇ ಎಡಕ್ಕೆ ಸರಿದು ಜಾಗ ಬಿಟ್ಟಿದ್ದರು. ಬ್ರೇಕು ಹಾಕಿದ್ದೂ ನಮಗೆ ಗೊತ್ತಾಗಲಿಲ್ಲ.

"ಹೆಂಗೆ ಗೊತ್ತಾಯ್ತು ಅಪ್ಪ?"

"ಆ ಕಡೆ ಮರದ ಮೇಲೆ ಬೆಳಕು ಬಿತ್ತಲ್ಲ. ಈ ಹಗಲಲ್ಲೂ ಲೈಟ್ ಹಾಕ್ಕೊಂಡು ಬರ್ತಾವಲ್ಲ ಇವು."

ವಾಪಸು ಬರುವಾಗ ಇಳಿಜಾರು. ಗೇರಿನಲ್ಲೇ, ಕಾಲು ಎತ್ತಿ, ತಾಳ್ಮೆಯಿಂದ ಇಳಿಸಿದರು. ಅಂಕಿ ಏರುತ್ತ ಹೋಯಿತು. ಕೆದಕಲ್ ದಾಟುವಾಗ ಹತ್ತು ದಾಟಿತ್ತು, ಸುಂಟಿಕೊಪ್ಪಕ್ಕೆ ಬಂದಾಗ ಹನ್ನೊಂದು ಪಾಯಿಂಟ್ ಮೂರು. ಮಗಳು ಕೂಡ ಒಳಗೊಳಗೇ ಅಪ್ಪನ ಕಡೆಗೆ ತಿರುಗಿದ್ದಳು ಅಂತ ಕಾಣುತ್ತದೆ, "ಎ.ಸಿ. ಆಫ್ ಮಾಡ್ಲಾ?" ಅಂದಳು.

ಒಳರಸ್ತೆಗೆ ತಿರುಗಿದೆವು. ಮೊದಲ ಗೇಟಿನವರು ಫೋನು ಬಂದಿದ್ದರಿಂದ ಕೈ ಎತ್ತಲಿಲ್ಲ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಗುತ್ತ ನಿಂತರು. ಎರಡನೆಯ ಗೇಟಿನಲ್ಲಿ ಯಾರೂ ಇರಲಿಲ್ಲ. ಮೂರನೆಯದರಲ್ಲಿ ಆ ತೋಟದ ಹಳೆಯ ರೈಟರ ಹೆಂಡತಿ ನಿಂತಿದ್ದರು. ತೋಟದ ಲೆಕ್ಕ ಬರೆಯುತ್ತಿದ್ದ ಗಂಡ ಹೋದ ಮೇಲೂ ಅಲ್ಲೇ ಉಳಿದ ವಯಸ್ಸಾದ ಹೆಂಗಸು. ಅವರಿಗೆ ಫೋನು ಮಾಡುವುದು ಭಾವನಿಗೆ ಹೊಳೆದಿರಲಿಲ್ಲ. ಅವರು ಕೈ ಎತ್ತಿದರು.

ಭಾವ ನಿಲ್ಲಿಸಲಿಲ್ಲ.

ನಾನು ಹಿಂದಿನ ಗಾಜಿನಿಂದ ನೋಡಿದೆ. ಎತ್ತಿದ ಕೈ ಹಾಗೇ ಇತ್ತು, ಇಳಿಸುವುದು ಮರೆತ ಹಾಗೆ.

"ಕೈ ಎತ್ತಿದ್ರಲ್ರೀ," ಅಂದಳು ಅಕ್ಕ.

ಭಾವ ಕನ್ನಡಿಯಲ್ಲಿ ಹಿಂದೆ ನೋಡಿದರು. ಒಂದು ತಿರುವು ಆಯಿತು, ಇನ್ನೊಂದು ಆಯಿತು. ಮೋರಿಯ ಹತ್ತಿರ ಸ್ವಲ್ಪ ಅಗಲದ ಜಾಗ ಇದೆ. ಅಲ್ಲಿ ಗಾಡಿ ನಿಧಾನವಾಯಿತು.

"ಅಪ್ಪ, ಹನ್ನೊಂದು ಪಾಯಿಂಟ್ ಎರಡು ಉಂಟು. ಮನೆ ಇಲ್ಲೇ ಉಂಟು."

"ಇರ್ಲಿ," ಅಂದರು ಭಾವ. ಆ ದೊಡ್ಡ ಗಾಡಿಯನ್ನು ಹಿಂದೆ ಮುಂದೆ ಮಾಡಿ, ಕರೆಂಟು ಕಂಬಕ್ಕೂ ಮೋರಿಗೂ ತಾಗಿಸದೆ ತಿರುಗಿಸಿದರು.

ಆಕೆ ಗೇಟು ದಾಟಿ ರಸ್ತೆಗೇ ಬಂದಿದ್ದರು. ಗಾಜು ಇಳಿಸುವುದರೊಳಗೆ, "ಏನಾಯ್ತು ಯಜಮಾನ್ರೇ? ಯಾರಿಗೆ ಏನಾಯ್ತು? ನಿಲ್ಲಿಸ್ದೇ ಹೋದ್ರಲ್ಲ, ನನ್ನ ಎದೆ ಹೊಡ್ಕೊಳ್ತು. ಆಸ್ಪತ್ರೆಯಿಂದ ಬಂದ್ರಾ?" ಅಂದರು. ಹಿಂದಿನ ಸೀಟಿಗೆ ಬಗ್ಗಿ ಅಕ್ಕನನ್ನು ನೋಡಿ, "ಅಮ್ಮ, ನೀವು ಚೆನ್ನಾಗಿದ್ದೀರಾ?" ಅಂತ ಅಕ್ಕನ ಕೈ ಹಿಡಿದುಕೊಂಡರು.

ಆ ರಸ್ತೆಯಲ್ಲಿ ನಿಲ್ಲದೆ ಹೋಗುವ ಗಾಡಿ ಎಂದರೆ ಕೆಟ್ಟ ಸುದ್ದಿ ಅಂತ ನನಗೆ ಆವತ್ತಿನವರೆಗೆ ಹೊಳೆದಿರಲಿಲ್ಲ.

"ಏನಿಲ್ಲಮ್ಮ, ಎಲ್ಲ ಚೆನ್ನಾಗಿದ್ದೀವಿ. ನಾನೇ ಗಮನಿಸ್ಲಿಲ್ಲ," ಅಂದರು ಭಾವ. ಅಷ್ಟು ಹೊತ್ತಿಗೆ, ಬಟನ್ ಒತ್ತಿರಲಿಲ್ಲವಲ್ಲ, ಎಂಜಿನ್ ನಿಂತುಹೋಯಿತು. ಆ ಮೌನ ಬಿದ್ದದ್ದೇ ಆಕೆಯ ಮುಖ ಅರಳಿತು. "ಬನ್ನಿ ಬನ್ನಿ, ಹಾಲು ಉಂಟು," ಅನ್ನುತ್ತ ಒಳಗೆ ನಡೆದೇಬಿಟ್ಟರು.

ಆಕೆ ಕೈ ಎತ್ತಿದ್ದು ಹೂಮಳೆ ಎಷ್ಟು ಬಿತ್ತು ಅಂತ ಕೇಳುವುದಕ್ಕೆ. ಅದನ್ನು ಕೇಳಿದ್ದು ನಾವು ಎದ್ದು ಹೊರಗೆ ಬಂದ ಮೇಲೆ. ಮಗಳು ಆಕೆಯ ಅಡುಗೆಮನೆಗೆ ಹೋಗಿ ಲೋಟ ತೊಳೆದಿಟ್ಟು ಬಂದಳು.

ಮನೆಯ ಏರು ಹತ್ತಿ ಅಂಗಳದಲ್ಲಿ ನಿಲ್ಲಿಸಿದಾಗ ಹತ್ತು ಪಾಯಿಂಟ್ ಎಂಟು. ನಾಲ್ಕೂ ಜನ ಅದನ್ನೇ ನೋಡಿದೆವು.

"ಹೋಗ್ಲಿ ಬಿಡಪ್ಪ. ಹನ್ನೊಂದೇ ಅಂದ್ಕೊಳೋಣ," ಅಂದಳು ಮಗಳು.

"ಅಂದ್ಕೊಳೋದು ಬೇಡ," ಅಂದರು ಭಾವ. ಕೀಲಿ ತೆಗೆದು ಅವಳ ಕೈಯಲ್ಲಿಟ್ಟರು. ಒಳಗೆ ಹೋಗಿ ಕೈ ಕಾಲು ತೊಳೆದು, ಬೆತ್ತದ ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದರು. ಬೆಳಗಿನ ಪೇಪರು, ಓದಿದ್ದೇ.

ಮಗಳು ಹಟದವಳು, ಅಪ್ಪನಂತೆ. ಡ್ರೈವರ್ ಸಿಗುವವರೆಗೆ ಗಾಡಿಯನ್ನು ತಾನೇ ಬ್ಯಾಂಕಿಗೆ ಒಯ್ಯುತ್ತೇನೆ, ಹನ್ನೆರಡು ಬರುವುದು ಹೇಗೆ ಅಂತ ತೋರಿಸುತ್ತೇನೆ ಅಂದಳು. ಅದುವರೆಗೆ ಅವಳ ಚಿಕ್ಕ ಕಾರು ಗಾಜು ಏರಿಸಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿತ್ತು. ಅದಕ್ಕೆ ಯಾರೂ ಕೈ ಎತ್ತುತ್ತಿರಲಿಲ್ಲ.

ಆ ವಾರ ನಾನು ದಿನಾ ಹೋಗಿ ಭಾವನ ಜೊತೆ ಜಗಲಿಯಲ್ಲಿ ಕೂತೆ. ಮಂಗಳವಾರ ಮೊದಲ ಗೇಟಿನವರು ಬಾಳೆಗೊನೆ ಹೊತ್ತುಕೊಂಡು ಬಂದರು. "ಏನು ಮಾರಾಯ್ರೆ, ಮಲಗಿದ್ದೀರಿ ಅಂದ್ಕೊಂಡು ಬಂದೆ." ಬುಧವಾರ ರೈಟರ ಹೆಂಡತಿ ಕಷಾಯದ ಪುಡಿ ಕೊಟ್ಟು ಕಳಿಸಿದರು. ಗುರುವಾರ ಮೆಣಸಿನ ವ್ಯಾಪಾರಿ ಪೇಟೆಯಿಂದ ಸ್ಕೂಟರಿನಲ್ಲಿ ಬಂದು, ಭಾವನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ನಿಮಗೆ ಸ್ಟ್ರೋಕ್ ಅಂತ ಯಾರೋ ಹೇಳಿದ್ರು. ಎರಡು ಕೈಯೂ ಆಡ್ತಾ ಉಂಟಲ್ಲ?" ಅಂದ.

"ಆಡ್ತಾ ಉಂಟು. ಒಂದಕ್ಕೂ ಕೆಲಸ ಇಲ್ಲ," ಅಂದರು ಭಾವ.

ಶನಿವಾರ ಸಂಜೆ ಮಗಳು ಬಂದು ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕೂತಳು. ಅಕ್ಕ ನೀರು ಕೊಟ್ಟಳು. ನಾನು ತಡೆಯಲಾರದೆ ಕೇಳಿದೆ, "ಎಷ್ಟು ಬಂತು?"

"ಏಳು ಪಾಯಿಂಟ್ ಆರು."

ಯಾರೂ ನಗಲಿಲ್ಲ. ನಗಲು ಅವಳ ಅಪ್ಪಣೆಗೆ ಕಾಯುತ್ತಿದ್ದೆವು.

"ಗಾಡಿ ಕಂಡ ಕೂಡ್ಲೆ ಎಲ್ರೂ ಕೈ ಎತ್ತುತ್ತಾರೆ. ನಿಲ್ಲಿಸಿದ್ರೆ ಒಳಗೆ ಬಗ್ಗಿ ನೋಡ್ತಾರೆ, ಅಪ್ಪ ಇಲ್ಲ. ಅಪ್ಪಂಗೇನಾಯ್ತು? ಏನಾಗಿಲ್ಲ ಅಂದ್ರೆ ನಂಬಲ್ಲ. ಹಾಗಾದ್ರೆ ಯಾಕೆ ಓಡಿಸ್ತಿಲ್ಲ? ಪ್ರತಿ ಗೇಟಲ್ಲೂ ಮೊದಲಿಂದ ಹೇಳ್ಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಎಂಜಿನ್ ನಿಂತ್ರೆ ಕಾಫಿ ಕುಡಿದು ಹೋಗು ಅಂತಾರೆ. ಎರಡು ದಿನ ಬ್ಯಾಂಕಿಗೆ ಲೇಟು. ಅದಕ್ಕೇ ಆ ಬಟನ್..."

"ಯಾವ ಬಟನ್?" ಅಂದರು ಭಾವ, ಗಂಭೀರವಾಗಿ.

ಆಗ ಅವಳೇ ನಕ್ಕಳು. ಎದ್ದು ಹೋಗಿ ಕೀಲಿಯನ್ನು ಪೇಪರಿನ ಮೇಲೆ ಇಟ್ಟಳು. "ಓಡಿಸೋದು ನೀನೇ. ನ್ಯೂಟ್ರಲ್ಲಿಗೆ ಮಾತ್ರ ಹಾಕಿದ್ರೆ ನೋಡು."

ಮರುವಾರ ವಿರಾಜಪೇಟೆಯಲ್ಲಿ ನೆಂಟರ ಮದುವೆ ಇತ್ತು. ಭಾವ ಗಾಡಿ ಓಡಿಸಿದರು, ಮಗಳು ಪಕ್ಕದಲ್ಲಿ ಕೂತಳು, ನಾನು ಅಕ್ಕ ಹಿಂದೆ. ಬೆಳಿಗ್ಗೆ ಬೇಗನೇ ಹೊರಟೆವು. ಒಳರಸ್ತೆಯಲ್ಲಿ ಪ್ರತಿ ಗೇಟಿಗೂ ನಿಂತೆವು. ಭಾವ ಚೆನ್ನಾಗಿದ್ದಾರೆ ಎಂಬುದನ್ನು ಎಲ್ಲರೂ ಕಣ್ಣಾರೆ ನೋಡಬೇಕಿತ್ತು. ವಿರಾಜಪೇಟೆ ಮುಟ್ಟುವಾಗ ಧಾರೆ ಮುಗಿದು ಜನ ಊಟಕ್ಕೆ ಕೂತಿದ್ದರು. ಎರಡನೆಯ ಪಂಕ್ತಿಯಲ್ಲಿ ನಮಗೆ ಜಾಗ ಸಿಕ್ಕಿತು.